ಪತ್ರದ ಕೊನೆಯ ಪರಿಚ್ಛೇದ

ಸೇನೆಯಿಂದ ನಿವೃತ್ತರಾಗಿ ಬಂದವರು ತಮ್ಮ ನೆರೆಹೊರೆಯಲ್ಲಿಯೂ ಇರಬಹುದು. ಕೊಡಗಿನ ನಮ್ಮ ಊರಿನಲ್ಲಂತೂ ಅಂಥವರಿಲ್ಲದ ಬೀದಿಯೇ ಇಲ್ಲ. ಅವರ ಮನೆಯ ಟ್ರಂಕಿನಲ್ಲಿ ಹಳೆಯ ಕಾಗದಗಳ ಒಂದು ಕಟ್ಟು ಇರುತ್ತದೆ. ಅಂಥ ಒಂದು ಕಾಗದದ ಕುರಿತು, ಅದನ್ನು ಓದಿದ ನನ್ನ ಕುರಿತು, ತಮ್ಮಲ್ಲಿ ಹೇಳಿಕೊಳ್ಳಬೇಕಾಗಿದೆ.

1998ರ ಮಳೆಗಾಲ. ಪಕ್ಕದ ಮನೆಯ ಹವಾಲ್ದಾರರು ಒಂದು ಸಂಜೆ ಲಕೋಟೆಯೊಂದನ್ನು ಹಿಡಿದು ಬಂದರು. "ಮೇಷ್ಟ್ರೇ, ಇಂಗ್ಲಿಷಿನಲ್ಲಿದೆ, ಸ್ವಲ್ಪ ಓದಿ ಹೇಳಿ" ಎಂದರು. ಅಧಿಕ ರಕ್ತದೊತ್ತಡದ ಕಾರಣದಿಂದ ಹಿಂದಿನ ವರ್ಷವಷ್ಟೇ ಅವರನ್ನು ಸೇವೆಯಿಂದ ಬಿಡುಗಡೆ ಮಾಡಲಾಗಿತ್ತು. ವೈದ್ಯಕೀಯ ಮಂಡಳಿಯು ಅವರ ವೈಕಲ್ಯವನ್ನು ಶೇ. 30 ಎಂದು ನಿಗದಿಪಡಿಸಿತ್ತು. ಶೇ. 20 ಇದ್ದರೂ ಅಂಗವೈಕಲ್ಯ ಪಿಂಚಣಿಗೆ ದಾರಿಯಿದೆ. ಆದರೆ ಕಾಯಿಲೆಯು ಸೈನಿಕ ಸೇವೆಯಿಂದ ಬಂದಿರಬೇಕು, ಇಲ್ಲವೇ ಅದರಿಂದ ಉಲ್ಬಣಗೊಂಡಿರಬೇಕು. ಎರಡೂ ಅಲ್ಲವೆಂದು ಪತ್ರದ ಮೊದಲ ಪರಿಚ್ಛೇದ ಹೇಳುತ್ತಿತ್ತು. ನಾನು ಅಷ್ಟನ್ನೇ ಓದಿ, "ಕೊಡುವುದಿಲ್ಲವಂತೆ, ಹವಾಲ್ದಾರರೇ" ಎಂದೆ. ನನ್ನ ಮೇಜಿನ ಮೇಲೆ ಉತ್ತರಪತ್ರಿಕೆಗಳ ರಾಶಿಯಿತ್ತು. ಅವರು ಕಾಗದವನ್ನು ಮಡಚಿಕೊಂಡು "ಆಗಲಿ" ಎಂದು ಹೊರಟುಹೋದರು. ಆಜ್ಞೆಯನ್ನು ಪ್ರಶ್ನಿಸಿ ಅಭ್ಯಾಸವಿದ್ದ ಮನುಷ್ಯರಲ್ಲ ಅವರು.

2014ರಲ್ಲಿ ಬೇರೇನೋ ದಾಖಲೆಯನ್ನು ಹುಡುಕುವಾಗ ಅದೇ ಪತ್ರ ಮತ್ತೆ ನನ್ನ ಕೈಗೆ ಬಂದಿತು. ಆಗ ನಾನೂ ನಿವೃತ್ತ, ಪೂರ್ತಿ ಓದಲು ಪುರುಸೊತ್ತಿತ್ತು. ಒಪ್ಪಿಗೆಯಾಗದಿದ್ದರೆ ಆರು ತಿಂಗಳೊಳಗೆ ಮೇಲ್ಮನವಿ ಸಲ್ಲಿಸಬಹುದೆಂದು ಕೊನೆಯ ಪರಿಚ್ಛೇದದಲ್ಲಿ ಸ್ಪಷ್ಟವಾಗಿ ಬರೆದಿತ್ತು. ಹದಿನಾರು ವರ್ಷಗಳು ಕಳೆದಿದ್ದವು.

ಆ ಹೊತ್ತಿಗೆ ಕಾಲ ಒಂದಿಷ್ಟು ಬದಲಾಗಿತ್ತು. 2007ರ ಕಾಯಿದೆಯಂತೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ 2009ರಿಂದ ಕಾರ್ಯ ಆರಂಭಿಸಿತ್ತು. ಧರಂವೀರ್ ಸಿಂಗ್ ಪ್ರಕರಣದಲ್ಲಿ 2013ರ ಜುಲೈ 2ರಂದು ಸರ್ವೋಚ್ಚ ನ್ಯಾಯಾಲಯ ನೀಡಿದ ತೀರ್ಪು ನಮಗೆ ಊರುಗೋಲಾಯಿತು. ಸೇನೆಗೆ ಸೇರುವಾಗಿನ ದಾಖಲೆಯಲ್ಲಿ ಕಾಯಿಲೆಯ ಉಲ್ಲೇಖವಿಲ್ಲದ ಸೈನಿಕನನ್ನು ಆರೋಗ್ಯವಂತನಾಗಿಯೇ ಸೇರಿದವನೆಂದು ಭಾವಿಸಬೇಕು. ಮುಂದೆ ವೈದ್ಯಕೀಯ ಕಾರಣಕ್ಕೆ ಅವನನ್ನು ಬಿಡುಗಡೆ ಮಾಡಿದರೆ, ಅದಕ್ಕೆ ಸೇವೆ ಕಾರಣವಲ್ಲವೆಂದು ತೋರಿಸುವ ಹೊಣೆ ಅವನದಲ್ಲ, ಸರ್ಕಾರದ್ದು. ಸಂದೇಹದ ಲಾಭ ಸೈನಿಕನಿಗೇ ಸಲ್ಲಬೇಕು. ಹವಾಲ್ದಾರರಿಗೆ ಇದನ್ನು ಎರಡು ಸಲ ವಿವರಿಸಬೇಕಾಯಿತು. ಕೈಚಾಚಿ ಬೇಡುವುದೆಂದೇ ಅವರು ತಿಳಿದಿದ್ದರು.

ಅರ್ಜಿ ಹಾಕಿದೆವು. ಒಂದು ಕಚೇರಿಯಿಂದ ಮತ್ತೊಂದಕ್ಕೆ ವೈದ್ಯಕೀಯ ಮಂಡಳಿಯ ನಡವಳಿಯ ಪ್ರತಿಗಾಗಿಯೇ ಏಳು ತಿಂಗಳು ಅಲೆದೆವು. ಮಿಕ್ಕದ್ದೆಲ್ಲ ಅದಕ್ಕಿಂತ ಸುಲಭವಾಗಿತ್ತು ಎನ್ನಬೇಕು! ಇಂಥ ವ್ಯಾಜ್ಯಗಳನ್ನು ಕಡಿಮೆ ಮಾಡುವ ಬಗೆಯನ್ನು ಪರಿಶೀಲಿಸಲು ರಕ್ಷಣಾ ಸಚಿವರಾಗಿದ್ದ ಮನೋಹರ್ ಪರಿಕ್ಕರ್ 2015ರಲ್ಲಿ ತಜ್ಞರ ಸಮಿತಿಯನ್ನೇ ನೇಮಿಸಿದರು. ಸರ್ಕಾರವೇ ಸಮಿತಿ ನೇಮಿಸಬೇಕಾಗಿ ಬಂದ ಮೇಲೆ, ವಿಳಂಬವು ನಮ್ಮೊಬ್ಬರ ಹಣೆಬರಹವಾಗಿರಲಿಲ್ಲವೆಂದು ತಿಳಿಯಿತು. ಆದ್ದರಿಂದ ತಮ್ಮ ಬೀದಿಯ ಮಾಜಿ ಸೈನಿಕರ ಟ್ರಂಕನ್ನು ಒಮ್ಮೆ ತೆರೆಯಿಸಿ ನೋಡಿ: ಡಿಸ್ಚಾರ್ಜ್ ಪುಸ್ತಕ, ಪಿಂಚಣಿ ಆದೇಶ, ವೈದ್ಯಕೀಯ ಮಂಡಳಿಯ ನಡವಳಿ, ನಿರಾಕರಣೆಯ ಪತ್ರ. ಒಂದು ಕಡಿಮೆಯಿದ್ದರೂ ಕಡತ ನಿಂತಲ್ಲೇ ನಿಲ್ಲುತ್ತದೆ.

2016ರಲ್ಲಿ ಆದೇಶ ಬಂದಿತು. ಶೇ. 30ನ್ನು ನಿಯಮದಂತೆ ಶೇ. 50 ಎಂದು ಎಣಿಸಿ ಪಿಂಚಣಿ ಮಂಜೂರಾಯಿತು. ಆದರೆ ಬಾಕಿ ಹಣ ಅರ್ಜಿಗೆ ಹಿಂದಿನ ಮೂರು ವರ್ಷಗಳಿಗೆ ಮಾತ್ರ. ತಡವಾಗಿ ಬಂದ ಸೈನಿಕರೊಬ್ಬರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2008ರಲ್ಲೇ ಬಾಕಿಯನ್ನು ಹಾಗೆ ಮಿತಿಗೊಳಿಸಿತ್ತು. ಉಳಿದ ಹದಿನಾಲ್ಕು ವರ್ಷಗಳ ಹಣ ಹೋಯಿತು.

ಅಂದು ನಾನು ಅವರ ಮನೆಗೆ ಹೋಗಿ, 1998ರ ಸಂಜೆ ಪತ್ರವನ್ನು ಪೂರ್ತಿ ಓದಿರಲಿಲ್ಲವೆಂದು ತಿಳಿಸಿದೆ. ಹವಾಲ್ದಾರರು ಸ್ವಲ್ಪ ಹೊತ್ತು ಅಂಗಳವನ್ನು ನೋಡುತ್ತಾ ಕುಳಿತರು. "ಓದಿ ಹೇಳಲು ನೀವಾದರೂ ಇದ್ದಿರಲ್ಲ, ಮೇಷ್ಟ್ರೇ" ಎಂದರು. ಕಾಫಿ ತಂದಿಟ್ಟ ಅವರ ಪತ್ನಿ ಮಾತ್ರ, ಹದಿನಾಲ್ಕು ವರ್ಷಕ್ಕೆ ಎಷ್ಟಾಗುತ್ತಿತ್ತು ಎಂದು ಕೇಳಿದರು. ನಾನು ಲೆಕ್ಕ ಮಾಡಿ ಹೇಳಿದೆ.