ಅರಕೇರಾದ ಬಿಸಿಲು, ಪಾಪುವಿನ ಗಾಡಿ, ಗಾಡಿಗೊಂದು ಕಿಟಕಿ

“ಇದೇನೋ ಯಪ್ಪಾ, ಬಾಳಿಹಣ್ಣು ಮಾರೋ ಬಂಡಿ ತಂದೀಯಲ್ಲ!”

ಬಸ್ಸಿನಿಂದ ಇಳಿದು ಸ್ಟ್ರೋಲರ್ ಬಿಡಿಸಿ ನಿಲ್ಲಿಸಿದ ಕೂಡಲೇ ನಮ್ಮವ್ವ ಹೇಳಿದ ಮೊದಲ ಮಾತು ಇದು. ಸುತ್ತ ನಿಂತಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ಒಳಗೊಳಗೇ ಸ್ವಲ್ಪ ಬೇಜಾರಾಯ್ತು. ಯಾಕಂದ್ರೆ ಆ ಗಾಡಿ ಆರಿಸೋಕೆ ನಾನೂ ನನ್ನ ಹೆಂಡತಿಯೂ ಮೂರು ವಾರ ರಾತ್ರಿ ನಿದ್ದೆಗೆಟ್ಟು ಫೋನ್ ತಿಕ್ಕಿದ್ದೆವು.

ನಮ್ಮೂರು ಅರಕೇರಾ, ರಾಯಚೂರು ಜಿಲ್ಲೆಯ ದೇವದುರ್ಗ ಸೀಮೆ. ಕೆಲಸ ಬೆಂಗಳೂರಲ್ಲಿ. ಮಗಳಿಗೆ ಏಳು ತಿಂಗಳು ತುಂಬಿತ್ತು. ಊರಲ್ಲೇ ಜಾವಳ ತೆಗೆಸಬೇಕು ಅಂತ ಅವ್ವನ ಹಟ. ರಜೆ ಸಿಕ್ಕಿದ್ದು ಮೇ ತಿಂಗಳಲ್ಲಿ. ರಾತ್ರಿ ರೈಲು ಹತ್ತಿದರೆ ಬೆಳಗಿನ ಜಾವ ರಾಯಚೂರು, ಅಲ್ಲಿಂದ ಬಸ್ಸು. ಸ್ಟ್ರೋಲರ್ ಮಡಚಿ ಸೀಟಿನ ಕೆಳಗೆ ತಳ್ಳಿದ್ದೆವು.

ರಾಯಚೂರಿನ ಬೇಸಿಗೆ ಗೊತ್ತಿಲ್ಲದವರಿಗೆ ಒಂದು ಮಾತು. ಮೇಲೆ ಕೃಷ್ಣೆ, ಕೆಳಗೆ ತುಂಗಭದ್ರೆ, ಎರಡು ಹೊಳೆಗಳ ನಡುವಿನ ನಾಡು ನಮ್ಮದು. ನಾರಾಯಣಪುರ ಬಲದಂಡೆ ಕಾಲುವೆ ದೇವದುರ್ಗದ ಕಡೆ ನೀರು ತಂದಿದೆ, ಮಾನ್ವಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆ ಇದೆ. ಆದರೆ ಬಿಸಿಲಿಗೆ ಇದ್ಯಾವುದೂ ಲೆಕ್ಕಕ್ಕಿಲ್ಲ. ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟೋದು ಇಲ್ಲಿ ಸುದ್ದಿಯೇ ಅಲ್ಲ. ಇನ್ನೊಂದು ವಿಷಯ. ನಮ್ಮ ಜಿಲ್ಲೆ ಹೆಚ್ಚು ಕಡಿಮೆ 16 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಹಾಗಾಗಿ ಮೇ ಮೊದಲ ವಾರದಲ್ಲಿ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ನಿಲ್ಲುತ್ತಾನೆ. ಕಂಬ ನೆಟ್ಟರೆ ಅದರ ನೆರಳು ಅದರ ಬುಡದಲ್ಲೇ ಇರುತ್ತದೆ. ಬೆಂಗಳೂರಲ್ಲಿ ಕೂತು ಗಾಡಿ ಆರಿಸುವಾಗ ಇದು ನನ್ನ ತಲೆಗೇ ಹೊಳೆದಿರಲಿಲ್ಲ.

ನಾವು ನೋಡಿದ್ದು ಏನು ಗೊತ್ತಾ? ಬಣ್ಣ. ಕಾಫಿ ಕಪ್ ಇಡೋ ಜಾಗ. ಒಂದೇ ಕೈಯಲ್ಲಿ ಮಡಚಬಹುದಾ ಅಂತ. ಮೇಲಿನ ಹುಡ್, ಅಂದ್ರೆ ಕ್ಯಾನೊಪಿ, ಚಿತ್ರದಲ್ಲಿ ಚೆನ್ನಾಗಿ ಕಾಣ್ತಿತ್ತು. ಕಡುನೀಲಿ ಬಟ್ಟೆ, ನಡುನೆತ್ತಿಯಲ್ಲಿ ಪಾರದರ್ಶಕ ಪ್ಲಾಸ್ಟಿಕ್ಕಿನ ಕಿಟಕಿ. ತಳ್ಳುತ್ತಾ ಪಾಪು ಮುಖ ನೋಡಬಹುದು ಅಂತ ಬರೆದಿದ್ದರು. ಸಾಕಲ್ಲ ಅನ್ನಿಸಿತು. ಅಪಾರ್ಟ್‌ಮೆಂಟಿನ ಒಳಗೆ, ಮರಗಳಿದ್ದ ಪಾರ್ಕಿನಲ್ಲಿ ಅದು ಸಾಕಾಗಿಯೂ ಇತ್ತು.

ಜಾವಳದ ದಿನ ಊರ ಹೊರಗಿನ ಗುಡಿಗೆ ಹೊರಟಾಗ ಹನ್ನೊಂದು ಗಂಟೆ. ಹತ್ತು ನಿಮಿಷದ ದಾರಿ. ಅವ್ವ “ಎತ್ಕೊಂಡು ಬರ್ತೀನಿ ಕೊಡು” ಅಂದಳು. ನಾನು ಗಾಡೀಲೇ ಬರಲಿ ಅಂದೆ, ಆರಾಮ ಇರ್ತಾಳೆ ಅಂತ. ಹುಡ್ ಪೂರ್ತಿ ಎಳೆದರೂ ಬಿಸಿಲು ಪಾಪುವಿನ ಕಾಲಿಗೆ, ಹೊಟ್ಟೆಗೆ ಬೀಳ್ತಿತ್ತು. ಕಿಟಕಿಯಿಂದ ನೇರ ಮುಖಕ್ಕೂ ಬಿತ್ತು. ಹೆಂಡತಿಯ ದುಪಟ್ಟಾ ಎರಡು ಮಡಿಕೆ ಮಾಡಿ ಮುಂದೆ ಇಳಿಬಿಟ್ಟೆ, ಉಳಿದ ತುದಿಯನ್ನು ಕಿಟಕಿಯ ಮೇಲೆ ಹಾಕಿದೆ. ಒಳಗೆ ತಂಪಾಗಿ ಕತ್ತಲೆ ಇದೆ ಅಂದುಕೊಂಡೆ. ಪಾಪು ಅಳಲಿಲ್ಲ. ಮಲಗಿದಳು ಅಂದುಕೊಂಡೆ.

ಗುಡಿ ಮುಂದೆ ಅವ್ವ ಬಂದವಳೇ ದುಪಟ್ಟಾ ಸರಿಸಿದಳು. “ಕೂಸಿನ ಮಾರಿ ನೋಡು, ಹೆಂಗ ಕೆಂಪಗಾಗ್ಯಾದ! ಗಾಳಿ ಎಲ್ಲಿ ಅದ ಇದರಾಗ?”

ಮಗಳ ಕೂದಲೆಲ್ಲ ಬೆವರಿಗೆ ಅಂಟಿತ್ತು. ಮೈ ಮುಟ್ಟಿದರೆ ಬಿಸಿ. ಕಣ್ಣು ಅರ್ಧ ತೆರೆದಿದ್ದಳು, ಆದರೆ ಎಂದಿನಂತೆ ಕೈ ಚಾಚಲಿಲ್ಲ. ಆ ಒಂದು ನಿಮಿಷ ನನ್ನ ಕೈಕಾಲು ಆಡಲಿಲ್ಲ. ಅವ್ವ ಅವಳನ್ನು ಎತ್ತಿಕೊಂಡು ಬೇವಿನ ಮರದ ಕೆಳಗೆ ಕೂತಳು. ಅಂಗಿ ಬಿಚ್ಚಿ, ಸೆರಗು ಒದ್ದೆ ಮಾಡಿ ಕುತ್ತಿಗೆ, ಕಂಕುಳು, ಬೆನ್ನು ಒರೆಸಿದಳು, ತಟ್ಟೆಯಿಂದ ಗಾಳಿ ಬೀಸಿದಳು. ಹೆಂಡತಿ ಹಾಲು ಕುಡಿಸಿದಳು. ಸ್ವಲ್ಪ ಹೊತ್ತಿಗೆ ಮಗಳು ಜೋರಾಗಿ ಅತ್ತಳು. ಅಷ್ಟು ಖುಷಿ ಕೊಟ್ಟ ಅಳು ನಾನು ಕೇಳಿಲ್ಲ.

ನಮ್ಮದು ಅಲ್ಲಿಗೇ ಮುಗೀತು, ಅದೃಷ್ಟ. ಮಗು ಮಂಕಾಗಿ ಎಚ್ಚರವೇ ಆಗದಿದ್ದರೆ, ಹಾಲು ಕುಡಿಯದಿದ್ದರೆ, ಪದೇ ಪದೇ ವಾಂತಿ ಮಾಡಿದರೆ, ಮೈ ಬಿಸಿ ಇಳಿಯದಿದ್ದರೆ ಕಾಯಬೇಡಿ, ಮೈ ಒರೆಸುತ್ತಲೇ ಆಸ್ಪತ್ರೆಗೆ ಹೊರಡಿ. ಚಿಕ್ಕ ಮಕ್ಕಳ ಮೈ ನಮ್ಮದಕ್ಕಿಂತ ಬೇಗ ಕಾಯುತ್ತದೆ, ಅದನ್ನು ಹೇಳೋಕೆ ಅವಕ್ಕೆ ಮಾತು ಬರೋದಿಲ್ಲ.

ಆ ಸಂಜೆ ಅಂಗಳದಲ್ಲಿ ಕೂತು ಅವ್ವ ಹೇಳಿದ್ದನ್ನು ಬರೆಯಲೇಬೇಕು. ನಾನು ಕೂಸಿದ್ದಾಗ ಅವಳು ಹತ್ತಿ ಬಿಡಿಸೋಕೆ ಹೊಲಕ್ಕೆ ಹೋಗ್ತಿದ್ದಳು. ಹೊಲದ ಬದುವಿನ ಬೇವಿನ ಮರಕ್ಕೆ ಹಳೇ ಸೀರೆಯ ಜೋಳಿಗೆ ಕಟ್ಟಿ ನನ್ನನ್ನು ಮಲಗಿಸ್ತಿದ್ದಳಂತೆ. “ದಪ್ಪ ಸೀರಿ ಕಟ್ತಿದ್ದಿಲ್ಲ. ತೊಳದು ತೊಳದು ತೆಳ್ಳಗಾದದ್ದು ಬೇಕು. ಗಾಳಿ ಆಡಬೇಕು, ಒಳಗ ಕೂಸು ಹೊಳ್ಳಿದ್ದು ದೂರದಿಂದ ಕಾಣಬೇಕು. ಮುಚ್ಚಿ ಇಟ್ರ ಅದು ನೆರಳಲ್ಲೋ ಯಪ್ಪಾ, ಅದು ಒಲಿ.”

ಸ್ಟ್ರೋಲರ್ ಬಗ್ಗೆ ನಾನು ಮೂರು ವಾರ ಓದಿದ್ದರಲ್ಲಿ ಸಿಗದ ಮಾತು ಇದು. ನೆರಳು, ಗಾಳಿ, ಕಣ್ಣಿಗೆ ಕಾಣೋದು. ಮೂರೂ ಒಟ್ಟಿಗೆ ಇರಬೇಕು. ಒಂದಕ್ಕಾಗಿ ಇನ್ನೊಂದನ್ನು ಬಿಟ್ಟರೆ ಕೆಟ್ಟಿತು.

ಅವ್ವನ ಮಾತಿಗೆ ವಿಜ್ಞಾನದ ಸಾಕ್ಷಿಯೂ ಇದೆ. ಸಿಡ್ನಿ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಿಸಿಲಲ್ಲಿ ಸ್ಟ್ರೋಲರ್ ಇಟ್ಟು ಒಳಗಿನ ತಾಪ ಅಳೆದಿದ್ದಾರೆ. ಒಣ ಬಟ್ಟೆ ಇಳಿಬಿಟ್ಟಾಗ ಒಳಗಿನ ಬಿಸಿ ಕಡಿಮೆಯಾಗಲಿಲ್ಲ, ಬಟ್ಟೆ ದಪ್ಪವಿದ್ದಾಗ ಹೆಚ್ಚುಕಡಿಮೆ 4 ಡಿಗ್ರಿಯಷ್ಟು ಏರಿತು. ಅದೇ ತೆಳುವಾದ ಮಸ್ಲಿನ್ ಬಟ್ಟೆಯನ್ನು ಒದ್ದೆ ಮಾಡಿ ಹಾಕಿ, ಜೊತೆಗೆ ಪುಟ್ಟ ಫ್ಯಾನ್ ಸಿಕ್ಕಿಸಿದಾಗ ಹತ್ತಿರ ಹತ್ತಿರ 5 ಡಿಗ್ರಿ ಇಳಿಯಿತು. ನಮ್ಮ ಕಡೆಯ ಒಣ ಬೇಸಿಗೆಗೆ ಈ ಉಪಾಯ ಚೆನ್ನಾಗಿ ಒಗ್ಗುತ್ತದೆ. ಆದರೆ ಬಟ್ಟೆ ಆರಿದ ಕೂಡಲೇ ಮತ್ತೆ ಒದ್ದೆ ಮಾಡಬೇಕು.

ಬೆಂಗಳೂರಿಗೆ ವಾಪಸ್ ಬಂದು ಆ ಗಾಡಿ ಮಾರಿ ಬೇರೆಯದು ತಗೊಂಡೆವು. ಈ ಸಲ ಫೋನಲ್ಲಿ ಅಲ್ಲ, ಅಂಗಡಿಗೆ ಹೋಗಿ, ಮುಟ್ಟಿ, ಎಳೆದು ನೋಡಿ. ನೀವೂ ಹುಡುಕ್ತಿದ್ದರೆ ಹುಡ್ ವಿಷಯದಲ್ಲಿ ಇಷ್ಟು ಗಮನಿಸಿ.

ಮೊದಲು ಉದ್ದ. ಹುಡ್ ಪೂರ್ತಿ ಎಳೆದಾಗ ಕೂಸಿನ ಮುಖ ಮಾತ್ರವಲ್ಲ, ಹೊಟ್ಟೆಯವರೆಗೂ ನೆರಳು ಬರಬೇಕು. ಜಿಪ್ ಬಿಚ್ಚಿದರೆ ಇನ್ನೊಂದು ಪದರ ಬಿಚ್ಚಿಕೊಳ್ಳೋ ಮಾದರಿಗಳಿವೆ, ಅವು ಒಳ್ಳೇದು. ಸೀಟನ್ನು ಹಿಂದಕ್ಕೆ ಒರಗಿಸಿದಾಗಲೂ ಅಷ್ಟೇ ನೆರಳು ಸಿಗುತ್ತದಾ ನೋಡಿ. ನಮ್ಮ ಹಳೇ ಗಾಡಿ ಸೋತಿದ್ದು ಅಲ್ಲೇ.

ಎರಡನೆಯದು ಕಿಟಕಿ. ಪ್ಲಾಸ್ಟಿಕ್ ಬೇಡ, ಜಾಲರಿ ಇರಲಿ. ಪ್ಲಾಸ್ಟಿಕ್ ಬಿಸಿಲನ್ನು ಒಳಗೆ ಬಿಡುತ್ತದೆ, ಬಿಸಿ ಗಾಳಿಯನ್ನು ಹೊರಗೆ ಬಿಡೋದಿಲ್ಲ. ಬಿಸಿಲಲ್ಲಿ ಹೊಳೆಯೋದರಿಂದ ಒಳಗೆ ಸರಿಯಾಗಿ ಕಾಣೋದೂ ಇಲ್ಲ. ಜಾಲರಿಯ ಮೇಲೆ ಮುಚ್ಚಳದಂಥ ಬಟ್ಟೆ ಇರಬೇಕು. ಅದು ಅಯಸ್ಕಾಂತದಿಂದ ಅಂಟುವಂತಿದ್ದರೆ ಸದ್ದಿಲ್ಲ. ವೆಲ್ಕ್ರೋ ಆದರೆ ಪರ್‌ರ್ ಅಂದು ಮಲಗಿದ ಕೂಸನ್ನು ಎಬ್ಬಿಸುತ್ತದೆ! ಕಿಟಕಿ ನಡುನೆತ್ತಿಯಲ್ಲಿ ಬೇಡ, ಸ್ವಲ್ಪ ಹಿಂದಕ್ಕೆ, ನೀವು ತಳ್ಳುತ್ತಾ ನಡೆಯುವಾಗ ಬಗ್ಗದೆ ಕಾಣುವಂತಿರಲಿ.

ಮೂರನೆಯದು ಬಟ್ಟೆ. ಯುಪಿಎಫ್ 50 ಅಂತ ಬರೆದಿದ್ದರೆ, ಬಿಸಿಲಿನ ಅತಿನೇರಳೆ ಕಿರಣದ ಐವತ್ತನೇ ಒಂದು ಭಾಗ ಮಾತ್ರ ಒಳಗೆ ಹೋಗುತ್ತದೆ ಅಂತ ಅರ್ಥ. ಅದು ಚರ್ಮಕ್ಕೆ ಕಾವಲು, ಸೆಖೆಗಲ್ಲ. ಸೆಖೆಗೆ ಗಾಳಿಯೇ ಬೇಕು. ಕಡುಬಣ್ಣಕ್ಕಿಂತ ತಿಳಿಬಣ್ಣ ಕಡಿಮೆ ಕಾಯುತ್ತದೆ.

ಉಳಿದದ್ದು ನಿಮಗೆ ಗೊತ್ತಿರೋದೇ. ಹೆಗಲು, ಸೊಂಟ, ಕಾಲ ನಡುವೆ ಸೇರಿ ಐದು ಕಡೆ ಹಿಡಿಯೋ ಬೆಲ್ಟ್. ಆರು ತಿಂಗಳೊಳಗಿನ ಕೂಸಿಗೆ ಪೂರ್ತಿ ಒರಗೋ ಸೀಟು. ಅಷ್ಟು ಎಳೆಯ ಕೂಸನ್ನು ನೇರ ಬಿಸಿಲಿಗೆ ಒಯ್ಯಲೇಬೇಡಿ ಅಂತ ಮಕ್ಕಳ ವೈದ್ಯರು ಹೇಳೋದನ್ನೂ ಮರೀಬೇಡಿ. ಊರಿಗೆ ಒಯ್ಯೋರಾದರೆ ಚಕ್ರ ಸ್ವಲ್ಪ ದೊಡ್ಡವಿರಲಿ. ಮಳೆ ಬಿದ್ದ ಎರೆ ಮಣ್ಣಿನಲ್ಲಿ ಮಾತ್ರ ಯಾವ ಗಾಡಿಯೂ ನಡೆಯೋದಿಲ್ಲ, ಆಗ ಕಂಕುಳೇ ಗತಿ. ಬಸ್ಸು, ರೈಲಿಗೆ ಹಗುರ ಬೇಕು. ಕೊಡೆಯ ಹಾಗೆ ಮಡಚುವ ಹಗುರ ಸ್ಟ್ರೋಲರನ್ನು 1965ರಲ್ಲಿ ರೂಪಿಸಿದ ಇಂಗ್ಲೆಂಡಿನ ಓವನ್ ಮೆಕ್ಲಾರೆನ್ ವಿಮಾನದ ಎಂಜಿನಿಯರ್. ಮಗಳು ಭಾರದ ಗಾಡಿ ಹೊತ್ತು ಪಯಣಿಸುವ ಕಷ್ಟ ನೋಡಿ ಮಾಡಿದರಂತೆ. ನಮ್ಮ ಕಷ್ಟವೂ ಅದೇ ತಾನೆ?

ದೀಪಾವಳಿಗೆ ಮತ್ತೆ ಅರಕೇರಾಕ್ಕೆ ಹೋದೆವು. ಅವ್ವ ಹೊಸ ಗಾಡಿಯನ್ನು ಸುತ್ತಿ ಬಂದಳು. ಜಾಲರಿಗೆ ಬಾಯಿ ಹಚ್ಚಿ ಉಫ್ ಅಂತ ಊದಿದಳು. ಒಳಗೆ ಮಗಳು ಕಿಲಕಿಲ ನಕ್ಕಳು. “ಹಾಂ, ಇದಕ್ಕ ಗಾಳಿ ಅದ,” ಅಂದಳು ಅವ್ವ.

ಸಂಜೆ ಬಿಸಿಲು ಇಳಿದ ಮೇಲೆ ಸೊಸೆಯನ್ನೂ ನನ್ನನ್ನೂ ಮನೇಲಿ ಬಿಟ್ಟು ತಾನೇ ಗಾಡಿ ತಳ್ಳಿಕೊಂಡು ಓಣಿ ಸುತ್ತೋಕೆ ಹೋದಳು. ಹತ್ತು ಹೆಜ್ಜೆಗೊಮ್ಮೆ ನಿಂತು ಮುಚ್ಚಳ ಎತ್ತಿ ಇಣುಕ್ತಿದ್ದಳು. ಕಿಟಕಿ ಇರೋದು ಅದಕ್ಕೇ ನೋಡಿ. ಗಾಡಿ ಎಷ್ಟೇ ಒಳ್ಳೇದಿರಲಿ, ಹತ್ತು ಹೆಜ್ಜೆಗೊಮ್ಮೆ ಇಣುಕಿ, ಕೂಸಿನ ಕುತ್ತಿಗೆ ಮುಟ್ಟಿ ನೋಡಿ.