ನಾಲ್ಕನೆಯವನ ಸರದಿ

ಮಂಡ್ಯ. ಶನಿವಾರ ಸಂಜೆ. ನಾಳೆ ಬೀದಿಯ ಗಣಪತಿ ಬಿಡುವ ದಿನ. ಸಲೂನಿನ ಗಾಜಿನ ಬಾಗಿಲು ತಳ್ಳಿದರೆ ಮೊದಲು ಮೂಗಿಗೆ ಬಡಿಯುವುದು ಅಮೋನಿಯಾ. ಕಣ್ಣಲ್ಲಿ ನೀರಾಡುತ್ತದೆ. ಬೆಂಚಿನ ತುದಿಯಲ್ಲಿ ಜಾಗವಿದೆ, ಕೂತುಕೊಳ್ಳಿ. ಪಕ್ಕದಲ್ಲಿ ಪಿಯುಸಿ ಹುಡುಗರು ನಾಲ್ವರು ಒಂದೇ ಮೊಬೈಲಿನ ಮೇಲೆ ಬಗ್ಗಿದ್ದಾರೆ.

"ಅಣ್ಣ, ಹಿಂಗೇ ಬರ್ಬೇಕು. ಮುಂದ್ಗಡೆ ಮಾತ್ರ, ಗೋಲ್ಡನ್."

ಸಲೂನಿನ ಅಣ್ಣ ಪ್ಲಾಸ್ಟಿಕ್ ಬಟ್ಟಲಿಗೆ ಬ್ಲೀಚ್ ಪುಡಿ ಸುರಿದು, ಡೆವಲಪರ್ ಬೆರೆಸಿ, ಬ್ರಷ್ಷಿನಲ್ಲಿ ತಿರುವುತ್ತಾನೆ. ಬಾಟಲಿಯ ಮೇಲೆ 30 ವಾಲ್ಯೂಮ್ ಎಂದಿದೆ; ಅಂದರೆ 9 ಪರ್ಸೆಂಟ್ ಹೈಡ್ರೋಜನ್ ಪೆರಾಕ್ಸೈಡ್. ಕಡುಗಪ್ಪು ಕೂದಲು ನೇರವಾಗಿ ಚಿನ್ನದ ಬಣ್ಣಕ್ಕೆ ತಿರುಗುವುದಿಲ್ಲ. ಒಳಗಿನ ಮೆಲನಿನ್ ಕಳೆಯುತ್ತಾ ಹೋದಂತೆ ಮೊದಲು ಕೆಂಪು, ಆಮೇಲೆ ಕಿತ್ತಳೆ, ಕೊನೆಗೆ ಹಳದಿ. ಮೊದಲನೆಯವನ ಸಿಲ್ವರ್ ಪೇಪರ್ ಬಿಚ್ಚಿದಾಗ ಬಣ್ಣ ಕಿತ್ತಳೆಯಲ್ಲೇ ನಿಂತಿದೆ. "ಸೂಪರ್ ಮಗಾ!" ಒಬ್ಬನೂ ನಗಲಿಲ್ಲ. ನಗುವುದು ಹೇಗೆ, ಅದೇ ಬಟ್ಟಲು ತಮ್ಮ ತಲೆಗೂ ಬರಬೇಕಲ್ಲ!

ನೀವು ನೋಡಬೇಕಾದ್ದು ಗೋಡೆಗೊರಗಿ ಕೂತ ನಾಲ್ಕನೆಯವನನ್ನು. ಅವನ ಕೈ ಆಗಾಗ ಹಣೆ ಮೇಲಿನ ಕೂದಲಿಗೆ ಹೋಗಿ, ಎರಡು ಎಳೆ ಹಿಡಿದು, ಕನ್ನಡಿಯತ್ತ ನೋಡಿ, ಕೆಳಗಿಳಿಯುತ್ತದೆ.

"ನಮ್ಮಪ್ಪ ಬೈತಾರೆ ಕಣ್ಲಾ."

"ಆಯ್ತು ಬುಡ್ಲಾ, ನೀನು ನಮ್ ಫೋಟೋ ತೆಗಿ."

ಅಷ್ಟೇ. ಬೈಗುಳವಿಲ್ಲ, ಗೇಲಿಯಿಲ್ಲ. ಆದರೆ ನಾಳೆಯ ಮೆರವಣಿಗೆ ಫೋಟೋದಲ್ಲಿ ಅವನಿಗೆ ಜಾಗವೂ ಇಲ್ಲ. ಗೆಳೆಯರ ಒತ್ತಡವೆಂದರೆ ಹೀಯಾಳಿಕೆ, ಸವಾಲು ಎಂದೇ ತಿಳಿದ ನಮ್ಮಂಥ ದೊಡ್ಡವರ ಕಣ್ಣಿಗೆ ಇದು ಬೀಳುವುದೇ ಇಲ್ಲ.

ಸಿನಿಮಾ ನೋಡಿ ಕೆಟ್ಟರು ಎಂದುಬಿಡುವುದು ಸುಲಭ. 2017ರ 'ಹೆಬ್ಬುಲಿ'ಯ ಸುದೀಪ್ ಕಟಿಂಗ್ ಎಷ್ಟು ಹರಡಿತ್ತೆಂದರೆ, 2023ರಲ್ಲೂ ಬಾಗಲಕೋಟೆ ಜಿಲ್ಲೆಯ ಮುಖ್ಯ ಶಿಕ್ಷಕರೊಬ್ಬರು ಮಕ್ಕಳಿಗೆ ಹಾಗೆ ಕತ್ತರಿಸಬೇಡಿ ಎಂದು ಸಲೂನಿನವರಿಗೇ ಪತ್ರ ಬರೆಯಬೇಕಾಯಿತು. ಸಿನಿಮಾ ಟಾಕೀಸಿನಿಂದ ಎಂದೋ ಹೋಗಿತ್ತು. ಆ ಕಟಿಂಗನ್ನು ಅಷ್ಟು ವರ್ಷ ಓಡಿಸಿದ್ದು ಪಕ್ಕದ ಬೆಂಚಿನವನ ತಲೆ.

"ಅಣ್ಣ... ನಂಗೂ. ಸ್ವಲ್ಪಾನೇ."

ಡ್ರೈಯರ್ ಸದ್ದಿನಲ್ಲೂ ಮೂವರಿಗೂ ಕೇಳಿಸಿತು. ಒಬ್ಬ ಆಗಲೇ ಜೇಬಿಗೆ ಕೈ ಹಾಕಿ, "ನೂರು ನಾನ್ ಹಾಕ್ತೀನಿ" ಎನ್ನುತ್ತಿದ್ದಾನೆ. ನಾಲ್ಕನೆಯವನ ಮುಖ ಈಗ ಅರಳಿದೆ. ಆ ಖುಷಿ ಸುಳ್ಳಲ್ಲ.

ಬ್ರಷ್ಷು ನೆತ್ತಿಗೆ ತಾಗಿತು. "ಉರೀತದೆ ಅಣ್ಣ." "ಹಂಗೇ ಕಣಪ್ಪ, ಸ್ವಲ್ಪ ತಡ್ಕೊ."

ಸೋಮವಾರ ಕಾಲೇಜು. ಭಾನುವಾರ ರಾತ್ರಿ ಕಪ್ಪು ಡೈ ಬಳಿದುಕೊಂಡರಾಯಿತು ಎಂದು ಮೊದಲನೆಯವನು ಧೈರ್ಯ ಹೇಳುತ್ತಿದ್ದಾನೆ. ಉರಿದ ನೆತ್ತಿಯ ಮೇಲೆ ಮತ್ತೊಂದು ರಾಸಾಯನಿಕ. ಕಪ್ಪು ಡೈಗಳಲ್ಲಿ ಸಾಮಾನ್ಯವಾಗಿ ಇರುವ ಪಿಪಿಡಿ ಎಂಬ ರಾಸಾಯನಿಕ ಕೆಲವರಿಗೆ ಒಗ್ಗದೆ ಮುಖವೇ ಊದಿಕೊಳ್ಳುತ್ತದೆ. ಐರೋಪ್ಯ ಒಕ್ಕೂಟದಲ್ಲಿ ಇಂಥ ಡೈ ಡಬ್ಬಿಯ ಮೇಲೆ 16 ವರ್ಷದೊಳಗಿನವರಿಗಲ್ಲ ಎಂದು ಮುದ್ರಿಸಲೇಬೇಕು.

ಸಲೂನ್ ನಡೆಸುವ ಅಣ್ಣಂದಿರೇ, ಬಟ್ಟಲು ಕೈಗೆತ್ತಿಕೊಳ್ಳುವ ಮುಂಚೆ ಒಗ್ಗುತ್ತದೋ ನೋಡಲು ಹುಡುಗನ ಕಿವಿಯ ಹಿಂದೆ ಬಣ್ಣದ ಒಂದು ಚುಕ್ಕಿ ಹಚ್ಚಿ, 48 ಗಂಟೆ ಬಿಟ್ಟು ಬಾ ಎಂದು ಕಳಿಸಿ. ಬರುವಾಗ ಒಬ್ಬನೇ ಬಾ ಅಂತಲೂ ಹೇಳಿ.