ಅಪ್ಪನ 500 ಜಿಬಿ

ಜಾಗ ಉಳಿಸಲೆಂದು ಯಾರೂ ಹಳೆಯ ಹಾರ್ಡ್ ಡಿಸ್ಕನ್ನು ಹೊಸ ಕಂಪ್ಯೂಟರಿಗೆ ಜೋಡಿಸಬೇಕಿಲ್ಲ. ಈಗಿನ ಎಸ್‌ಎಸ್‌ಡಿ ಎದುರು 500 ಜಿಬಿಯ ತಿರುಗುವ ಡಿಸ್ಕು ನಿಧಾನ, ಭಾರ, ಮೇಲೆ ಗುಂಯ್ ಎನ್ನುವ ಸದ್ದು ಬೇರೆ. ಆದರೂ ಪುಣೆಯ ನಮ್ಮ ಮನೆಗೆ ಹೊಸ ಕಂಪ್ಯೂಟರ್ ಬಂದಾಗ, ಧಾರವಾಡದಿಂದ ಅಪ್ಪನ ಡಿಸ್ಕನ್ನು ಟವೆಲಿನಲ್ಲಿ ಸುತ್ತಿಕೊಂಡು ತಂದೆ. ನಿವೃತ್ತಿಯಾದ ಮೇಲೆ ಅವರು ತಮ್ಮ ಹಳ್ಳಿಯ ನೆನಪುಗಳನ್ನು ‘ನುಡಿ’ಯಲ್ಲಿ ಟೈಪ್ ಮಾಡುತ್ತಿದ್ದರು. ಅವರು ತೀರಿಕೊಂಡು ಮೂರು ವರ್ಷ. ಆ ಬರಹ ಬೇರೆಲ್ಲೂ ಇರಲಿಲ್ಲ.

ಜೋಡಿಸುವುದು ಕಷ್ಟವಲ್ಲ. ಬೇಕಾದದ್ದು ಎರಡು ಸಾಟಾ ಕೇಬಲ್: ಒಂದು ಡೇಟಾಗೆ, ಒಂದು ಕರೆಂಟಿಗೆ. ಎರಡರ ತುದಿಯೂ ಎಲ್ ಆಕಾರದ್ದು, ಹಾಗಾಗಿ ತಿರುವುಮುರುವಾಗಿ ಕೂರುವುದಿಲ್ಲ. ಇನ್ನೂ ಹಿಂದಿನ, ಅಗಲ ಪಟ್ಟಿಯ ಐಡಿಇ ಡಿಸ್ಕಾದರೆ ಯುಎಸ್‌ಬಿ ಅಡಾಪ್ಟರ್ ಬೇಕಾಗುತ್ತದೆ. ಹಳೆಯ ಡಿಸ್ಕಿನಲ್ಲೂ ವಿಂಡೋಸ್ ಇದ್ದದ್ದರಿಂದ, ಬಯೋಸ್‌ನ ಬೂಟ್ ಕ್ರಮದಲ್ಲಿ ಹೊಸ ಎಸ್‌ಎಸ್‌ಡಿಯನ್ನೇ ಮೊದಲಿಗಿಟ್ಟೆ.

ಮುಂದೆ ಎರಡು ಎಚ್ಚರಿಕೆ. ಫಾರ್ಮ್ಯಾಟ್ ಮಾಡಲೇ ಎಂದು ವಿಂಡೋಸ್ ಕೇಳಿದರೆ ಹೂಂ ಅನ್ನಬಾರದು. ಫೋಲ್ಡರ್ ತೆರೆಯಲು ಅನುಮತಿಯಿಲ್ಲ ಎಂದರೆ ಗಾಬರಿಯಾಗಬಾರದು. ಅದು ಸಾಮಾನ್ಯವಾಗಿ ಹಳೆಯ ಖಾತೆಯ ಬೀಗ, ಅಡ್ಮಿನ್ ಖಾತೆಯಿಂದ ತೆಗೆಯಬಹುದು. ಡಿಸ್ಕಿನ ಸ್ಮಾರ್ಟ್ ವರದಿಯಲ್ಲಿ ಕೆಟ್ಟ ಸೆಕ್ಟರುಗಳ ಎಣಿಕೆ ಸೊನ್ನೆಯಿರಲಿಲ್ಲ. ಹಾಗಾಗಿ ಒಂದೂ ಕಡತ ತೆರೆಯದೆ, ಮೊದಲು ಎಲ್ಲವನ್ನೂ ಎಸ್‌ಎಸ್‌ಡಿಗೆ ನಕಲು ಮಾಡಿದೆ.

ಆಮೇಲೆ ತೆರೆದರೆ ಒಂದಕ್ಷರವೂ ಕನ್ನಡವಲ್ಲ. ಹಳೆಯ ನುಡಿ ಫಾಂಟುಗಳು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಕೇತಗಳಲ್ಲೇ ಕನ್ನಡದ ಚೂರುಗಳನ್ನು ಕೂರಿಸಿದ್ದವು. ಆ ಫಾಂಟಿಲ್ಲದ ಕಂಪ್ಯೂಟರಿಗೆ ಕಾಣುವುದು ಬರೀ ಚುಕ್ಕೆ, ಗೀಟು ಹೊತ್ತ ರೋಮನ್ ಅಕ್ಷರ.

ಅಮ್ಮ ಫೋನಿನಲ್ಲಿ ಕೇಳಿದಳು, “ಸಿಕ್ತೇನಪಾ?”

“ಸಿಕ್ಕದ, ಆದ್ರ ಓದಲಿಕ್ಕೆ ಬರವಲ್ದು.”

“ಅವರ ಕೈಬರಹಾನೂ ಹಂಗ ಇತ್ತು ಬಿಡು.”

ಕನ್ನಡ ಗಣಕ ಪರಿಷತ್ತಿನ ನುಡಿ ಫಾಂಟನ್ನು ಹಾಕಿಕೊಂಡಾಗ ಸಾಲುಗಳಿಗೆ ಜೀವ ಬಂತು. ಮುಂದಿನ ಕಂಪ್ಯೂಟರಿನಲ್ಲಿ ಇದೇ ಪಾಡಾಗದಿರಲಿ ಎಂದು ಯೂನಿಕೋಡಿಗೆ ಪರಿವರ್ತಿಸಿದೆ. ಅಲ್ಲಲ್ಲಿ ಒತ್ತಕ್ಷರ, ಅರ್ಕಾವತ್ತು ಕೆಟ್ಟಿದ್ದವು. ಎರಡು ಭಾನುವಾರ ಕೂತು ತಿದ್ದಿದೆ. ಹೊರನಾಡಿನ ನಮ್ಮ ಮನೆಗಳ ಅಟ್ಟದಲ್ಲಿ ಇಂಥ ಡಿಸ್ಕುಗಳು ಇನ್ನೆಷ್ಟಿವೆಯೋ. ಅವು ತಿರುಗುವಷ್ಟು ದಿನ, ಒಳಗಿರುವುದು ಯಾವ ಫಾಂಟು ಎಂದು ಬಲ್ಲವರು ಇರುವಷ್ಟು ದಿನ ಮಾತ್ರ ಈ ಕೆಲಸ ಸಾಧ್ಯ.

ಒಂದು ಪ್ರತಿ ಚೆನ್ನೈಯ ತಂಗಿಯ ಹತ್ತಿರವಿದೆ. ಹಳೆಯ ಡಿಸ್ಕು ಈಗಲೂ ಕಂಪ್ಯೂಟರಿನಲ್ಲೇ ಇದೆ. ಹೋದರೂ ನಷ್ಟವಿಲ್ಲದ ಸಿನಿಮಾ, ಹಾಡುಗಳನ್ನಷ್ಟೇ ಅದಕ್ಕೆ ತುಂಬುತ್ತೇನೆ. ಅಮ್ಮನಿಗೆ ದಪ್ಪಕ್ಷರದಲ್ಲಿ 43 ಪುಟ ಪ್ರಿಂಟ್ ತೆಗೆದು ಕಳಿಸಿದೆ. ಎರಡು ಕಡೆ ಅಪ್ಪ ಇಸವಿ ತಪ್ಪು ಹಾಕಿದ್ದಾರಂತೆ. ಪೆನ್ಸಿಲಿನಲ್ಲಿ ತಿದ್ದಿ ಇಟ್ಟಿದ್ದಾಳೆ.